ಮೂತ್ರಪಿಂಡದ ಭಾರ ಇಳಿಸುವ ದಾರಿ ತೋರಿದ ಡಾ. ಬ್ಯಾರಿ ಬ್ರೆನ್ನರ್

ಸಕ್ಕರೆ ಕಾಯಿಲೆ ಇರುವ ಮನೆಗಳಲ್ಲಿ ಒಂದು ಸಂಶಯ ಆಗಾಗ ಬರುತ್ತದೆ. ವೈದ್ಯರು ಸಕ್ಕರೆಯ ಮಾತ್ರೆಯ ಜೊತೆಗೆ, ಹೆಸರಿನ ಕೊನೆಯಲ್ಲಿ ‘ಪ್ರಿಲ್’ ಅಥವಾ ‘ಸಾರ್ಟನ್’ ಎಂದಿರುವ ಇನ್ನೊಂದು ಮಾತ್ರೆ ಬರೆದಿರುತ್ತಾರೆ. ಅದು ಬಿ.ಪಿ. ಮಾತ್ರೆ ಎಂದು ಮೆಡಿಕಲ್ ಅಂಗಡಿಯಲ್ಲಿ ಹೇಳುತ್ತಾರೆ. ‘ಬಿ.ಪಿ. ಸರಿಯಾಗಿಯೇ ಇದೆಯಲ್ಲ, ಇದೇಕೆ?’ ಎಂದು ಕೆಲವರು ತಾವಾಗಿಯೇ ನಿಲ್ಲಿಸಿಬಿಡುತ್ತಾರೆ. ಆದರೆ ಎಷ್ಟೋ ಸಲ ಆ ಮಾತ್ರೆ ಕೊಟ್ಟಿರುವುದು ಬಿ.ಪಿ. ಇಳಿಸಲು ಮಾತ್ರವಲ್ಲ, ಮೂತ್ರಪಿಂಡವನ್ನು, ಅಂದರೆ ಕಿಡ್ನಿಯನ್ನು ಉಳಿಸಲು. ಅದು ಕಿಡ್ನಿಯನ್ನು ಹೇಗೆ ಉಳಿಸುತ್ತದೆ ಎಂಬ ತಿಳಿವಳಿಕೆಯ ಹಿಂದೆ ಅಮೆರಿಕದ ವೈದ್ಯ ಸಂಶೋಧಕ ಡಾ. ಬ್ಯಾರಿ ಬ್ರೆನ್ನರ್ ಮತ್ತು ಅವರ ಸಹೋದ್ಯೋಗಿಗಳ ಹಲವು ದಶಕಗಳ ದುಡಿಮೆ ಇದೆ.

ಬ್ರೆನ್ನರ್ 1937ರಲ್ಲಿ ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ ಹುಟ್ಟಿದರು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ 1962ರಲ್ಲಿ ವೈದ್ಯ ಪದವಿ ಪಡೆದರು. ಅಮೆರಿಕ ಸರ್ಕಾರದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಸಂಶೋಧನೆಯ ತರಬೇತಿ ಪಡೆದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆಲಸ ಮಾಡಿ, 1976ರಲ್ಲಿ ಬಾಸ್ಟನ್‌ನ ಹಾರ್ವರ್ಡ್ ವೈದ್ಯಕೀಯ ಶಾಲೆಗೆ ಬಂದರು. ಅದೇ ವರ್ಷ ಅವರೂ ಫ್ಲಾಯ್ಡ್ ರೆಕ್ಟರ್ ಅವರೂ ಸೇರಿ ಸಂಪಾದಿಸಿದ ‘ದಿ ಕಿಡ್ನಿ’ ಎಂಬ ದೊಡ್ಡ ಗ್ರಂಥ ಹೊರಬಂತು. ಮೂತ್ರಪಿಂಡ ತಜ್ಞರು ಇಂದಿಗೂ ಅದರ ಹೊಸ ಆವೃತ್ತಿಗಳನ್ನು ಓದುತ್ತಾರೆ.

ಮೂತ್ರಪಿಂಡದ ಕೆಲಸ

ಒಂದೊಂದು ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ ಸಣ್ಣ ಘಟಕಗಳಿವೆ. ಇವಕ್ಕೆ ನೆಫ್ರಾನ್ ಎಂದು ಹೆಸರು. ಪ್ರತಿ ನೆಫ್ರಾನಿನ ತುದಿಯಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳ ಒಂದು ಉಂಡೆ ಇದೆ. ಅದೇ ಜರಡಿ. ಎರಡೂ ಮೂತ್ರಪಿಂಡಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ನೀರಿನಂಶವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಬಹುಪಾಲನ್ನು ದೇಹ ವಾಪಸು ಹೀರಿಕೊಂಡು, ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಹೋಗುತ್ತದೆ. ಹುಟ್ಟಿದ ಮೇಲೆ ಹೊಸ ನೆಫ್ರಾನ್ ಬೆಳೆಯುವುದಿಲ್ಲ. ಹೋದದ್ದು ಹೋದಂತೆಯೇ.

ಸೋಸುವ ಕೆಲಸಕ್ಕೆ ಒತ್ತಡ ಬೇಕು. ಆ ಪುಟ್ಟ ಜರಡಿಯ ಒಳಗೆ ಎಷ್ಟು ಒತ್ತಡ ಇರುತ್ತದೆ ಎಂಬುದನ್ನು ನೇರವಾಗಿ ಅಳೆಯುವುದು ಬಹಳ ಕಷ್ಟವಾಗಿತ್ತು. ಸಾಮಾನ್ಯವಾಗಿ ಜರಡಿಗಳು ಮೂತ್ರಪಿಂಡದ ಮೇಲ್ಮೈಯ ಕೆಳಗೆ ಅಡಗಿರುತ್ತವೆ. ಮ್ಯೂನಿಕ್ ವಿಸ್ಟಾರ್ ಎಂಬ ತಳಿಯ ಇಲಿಗಳಲ್ಲಿ ಮಾತ್ರ ಕೆಲವು ಜರಡಿಗಳು ಮೇಲ್ಮೈಯಲ್ಲೇ ಕಾಣುತ್ತವೆ. ಬ್ರೆನ್ನರ್ ತಂಡ ಅತಿ ಸೂಕ್ಷ್ಮವಾದ ಗಾಜಿನ ನಳಿಕೆಯನ್ನು ಆ ಜರಡಿಗೇ ಚುಚ್ಚಿ ಒತ್ತಡ ಅಳೆಯಿತು. 1971ರಲ್ಲಿ ಪ್ರಕಟವಾದ ಆ ಕೆಲಸದಿಂದ, ಆರೋಗ್ಯವಂತ ಇಲಿಯಲ್ಲಿ ಈ ಒತ್ತಡ ಪಾದರಸದ ಅಳತೆಯಲ್ಲಿ ಸುಮಾರು 45 ಮಿ.ಮೀ. ಎಂದು ತಿಳಿಯಿತು. ಮುಂದಿನದಕ್ಕೆಲ್ಲ ಈ ಅಳತೆಯೇ ಬುನಾದಿಯಾಯಿತು.

ಉಳಿದವರ ಮೇಲೆ ಬೀಳುವ ಹೊರೆ

ಆ ಕಾಲದ ವೈದ್ಯರನ್ನು ಕಾಡುತ್ತಿದ್ದ ಪ್ರಶ್ನೆ ಒಂದಿತ್ತು. ಸೋಂಕು, ಕಲ್ಲು, ಬಿ.ಪಿ., ಸಕ್ಕರೆ, ಹೀಗೆ ಯಾವುದೋ ಕಾರಣಕ್ಕೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಮೂಲ ಕಾರಣ ವಾಸಿಯಾದ ಮೇಲೂ ಕೆಲವರಲ್ಲಿ ಮೂತ್ರಪಿಂಡ ವರ್ಷದಿಂದ ವರ್ಷಕ್ಕೆ ಕೆಡುತ್ತಲೇ ಹೋಗುತ್ತದೆ. ಹೀಗೇಕೆ?

ಬ್ರೆನ್ನರ್, ಥಾಮಸ್ ಹಾಸ್ಟೆಟರ್ ಮತ್ತು ತಿಮೋತಿ ಮೇಯರ್ ಅವರು ಕೊಟ್ಟ ಉತ್ತರವನ್ನು ಮಾರುಕಟ್ಟೆ ಯಾರ್ಡಿನ ಉದಾಹರಣೆಯಿಂದ ಸುಲಭವಾಗಿ ತಿಳಿಯಬಹುದು. ಹತ್ತು ಜನ ಹಮಾಲರು ದಿನವೂ ಲಾರಿ ಖಾಲಿ ಮಾಡುತ್ತಿದ್ದಾರೆ. ಏಳು ಜನ ಕಾಯಿಲೆ ಬಿದ್ದರು. ಲಾರಿ ಬರುವುದು ನಿಲ್ಲುವುದಿಲ್ಲ. ಉಳಿದ ಮೂವರು ಆದಷ್ಟೂ ಹೆಚ್ಚು ಮೂಟೆ ಹೊರುತ್ತಾರೆ. ಕೆಲವು ದಿನ ಅಂಗಡಿಯವರಿಗೆ ಕೊರತೆ ಗೊತ್ತಾಗುವುದೇ ಇಲ್ಲ. ಆಮೇಲೆ ಆ ಮೂವರಲ್ಲಿ ಒಬ್ಬನ ಬೆನ್ನು ಸೋಲುತ್ತದೆ. ಉಳಿದ ಇಬ್ಬರ ಮೇಲೆ ಇನ್ನೂ ಹೊರೆ.

ಮೂತ್ರಪಿಂಡದಲ್ಲಿ ಆಗುವುದೂ ಇದೇ. ನೆಫ್ರಾನ್‌ಗಳು ಬಹಳಷ್ಟು ನಾಶವಾದಾಗ ಉಳಿದವುಗಳಿಗೆ ಹೆಚ್ಚು ರಕ್ತ ನುಗ್ಗುತ್ತದೆ, ಜರಡಿಯ ಒಳಗಿನ ಒತ್ತಡ ಏರುತ್ತದೆ. ಇಲಿಗಳಲ್ಲಿ ಇದನ್ನು ಅಳೆದು ತೋರಿಸಿದ ಪ್ರಬಂಧ 1981ರಲ್ಲಿ ಬಂತು. ಮಾರನೆಯ ವರ್ಷ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಈ ವಾದ ವಿವರವಾಗಿ ಪ್ರಕಟವಾಯಿತು. ಅತಿಯಾದ ಒತ್ತಡದಿಂದ ಜರಡಿಯ ಗೋಡೆ ಹಾಳಾಗಿ, ಸೋರಬಾರದ ಅಲ್ಬುಮಿನ್ ಎಂಬ ಪ್ರೋಟೀನು ಮೂತ್ರಕ್ಕೆ ಸೋರುತ್ತದೆ. ಕೊನೆಗೆ ಜರಡಿ ಒಣಗಿ ಗಾಯದ ಕಲೆಯಾಗುತ್ತದೆ. ಸಕ್ಕರೆ ಕಾಯಿಲೆಯಲ್ಲಿ ನೆಫ್ರಾನ್‌ಗಳ ಸಂಖ್ಯೆ ಇಳಿಯುವ ಮೊದಲೇ ಈ ಅತಿ ಹೊರೆ ಶುರುವಾಗಬಹುದು.

ಯಾವ ಒತ್ತಡ ಇಳಿಸಬೇಕು?

ಹಾಗಾದರೆ ಯಾವುದಾದರೂ ಬಿ.ಪಿ. ಮಾತ್ರೆ ಸಾಕಲ್ಲವೇ? 1986ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. ಮೂತ್ರಪಿಂಡದ ಬಹುಭಾಗ ಕಳೆದುಕೊಂಡ ಇಲಿಗಳ ಒಂದು ಗುಂಪಿಗೆ ಎನಾಲಾಪ್ರಿಲ್, ಇನ್ನೊಂದು ಗುಂಪಿಗೆ ಹಳೆಯ ಮೂರು ಬಿ.ಪಿ. ಔಷಧಿಗಳನ್ನು ಸೇರಿಸಿ ಕೊಡಲಾಯಿತು. ಮೈಯ ರಕ್ತದೊತ್ತಡ ಎರಡೂ ಗುಂಪುಗಳಲ್ಲಿ ಇಳಿಯಿತು. ಜರಡಿಯ ಒಳಗಿನ ಒತ್ತಡ ಇಳಿದದ್ದು ಎನಾಲಾಪ್ರಿಲ್ ಗುಂಪಿನಲ್ಲಿ ಮಾತ್ರ. ಮೂತ್ರಪಿಂಡ ಉಳಿದದ್ದೂ ಆ ಗುಂಪಿನಲ್ಲೇ.

ಕಾರಣ ಹೀಗಿದೆ. ಜರಡಿಗೆ ರಕ್ತ ತರುವ ನಾಳ ಒಂದು, ಹೊರಗೊಯ್ಯುವ ನಾಳ ಇನ್ನೊಂದು. ದೇಹದಲ್ಲಿ ತಯಾರಾಗುವ ಆಂಜಿಯೊಟೆನ್ಸಿನ್ ಎಂಬ ವಸ್ತು ಹೊರಹೋಗುವ ನಾಳವನ್ನು ಬಿಗಿ ಮಾಡುತ್ತದೆ. ಪೈಪಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಒತ್ತಡ ಏರುವ ಹಾಗೆ ಜರಡಿಯಲ್ಲೂ ಏರುತ್ತದೆ. ಪ್ರಿಲ್ ಮಾತ್ರೆಗಳು ಆ ವಸ್ತು ತಯಾರಾಗುವುದನ್ನು ತಡೆಯುತ್ತವೆ. ಸಾರ್ಟನ್‌ಗಳು ಅದು ಕೆಲಸ ಮಾಡದಂತೆ ತಡೆಯುತ್ತವೆ. ಎರಡರಿಂದಲೂ ಹೊರದಾರಿ ಸಡಿಲವಾಗುತ್ತದೆ.

ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲೂ ನಿಜವಾಗಬೇಕಲ್ಲ. 1993ರಲ್ಲಿ ಎಡ್ಮಂಡ್ ಲೂಯಿಸ್ ತಂಡ ಮೊದಲ ಬಗೆಯ ಸಕ್ಕರೆ ಕಾಯಿಲೆಯ 409 ರೋಗಿಗಳಲ್ಲಿ ಕ್ಯಾಪ್ಟೊಪ್ರಿಲ್ ಮಾತ್ರೆಯಿಂದ ಸ್ಪಷ್ಟ ಲಾಭವನ್ನು ತೋರಿಸಿತು. ದೊಡ್ಡವರಲ್ಲಿ ಹೆಚ್ಚಾಗಿ ಕಾಣುವ ಎರಡನೆಯ ಬಗೆಯ ಸಕ್ಕರೆ ಕಾಯಿಲೆಯ 1,513 ರೋಗಿಗಳ ಮೇಲೆ ಬ್ರೆನ್ನರ್ ಅವರ ನೇತೃತ್ವದಲ್ಲೇ ಲೊಸಾರ್ಟನ್ ಪರೀಕ್ಷೆ ನಡೆಯಿತು. 2001ರಲ್ಲಿ ಫಲಿತಾಂಶ ಬಂತು. ಡಯಾಲಿಸಿಸ್ ಅಥವಾ ಕಸಿ ಬೇಕಾಗುವ ಹಂತ ಮುಟ್ಟುವ ಅಪಾಯ ಶೇ. 28ರಷ್ಟು ಇಳಿದಿತ್ತು. ಒಟ್ಟು ಸಾವಿನ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಅಂದರೆ ಈ ಮಾತ್ರೆ ಕಾಯಿಲೆಯನ್ನು ನಿಧಾನ ಮಾಡುತ್ತದೆ, ಪೂರ್ತಿ ವಾಸಿ ಮಾಡುವುದಿಲ್ಲ.

ಒಪ್ಪಿದ್ದು, ಒಪ್ಪದ್ದು

ಬ್ರೆನ್ನರ್ ಹೇಳಿದ್ದೆಲ್ಲವೂ ಹಾಗೇ ನಿಲ್ಲಲಿಲ್ಲ. ಆಹಾರದಲ್ಲಿ ಪ್ರೋಟೀನು ಕಡಿಮೆ ಮಾಡಿದರೆ ಜರಡಿಯ ಹೊರೆ ಇಳಿಯುತ್ತದೆ ಎಂದು 1982ರ ಲೇಖನದಲ್ಲಿತ್ತು. ಅಮೆರಿಕದಲ್ಲಿ 840 ರೋಗಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇದರ ಲಾಭ ನಿರೀಕ್ಷಿಸಿದಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಆದ್ದರಿಂದ ಯಾರದೋ ಮಾತು ಕೇಳಿ ಬೇಳೆ, ಹಾಲು ಪೂರ್ತಿ ಬಿಡುವುದು ಸರಿಯಲ್ಲ. ಎಷ್ಟು ತಿನ್ನಬೇಕೆಂದು ವೈದ್ಯರೇ ಹೇಳಬೇಕು.

ಒಂದು ಮೂತ್ರಪಿಂಡ ದಾನ ಮಾಡಿದವರ ಉಳಿದ ಮೂತ್ರಪಿಂಡವೂ ಸೋಲುತ್ತದೆಯೇ ಎಂಬ ಪ್ರಶ್ನೆಯೂ ಎದ್ದಿತು. ಸರಿಯಾಗಿ ಪರೀಕ್ಷೆ ಮಾಡಿ ಆರಿಸಿದ ಆರೋಗ್ಯವಂತ ದಾನಿಗಳಲ್ಲಿ ಬಹುಪಾಲು ಜನ ಚೆನ್ನಾಗಿಯೇ ಬಾಳುತ್ತಾರೆ. ಅರ್ಧ ನೆಫ್ರಾನ್ ಹೋದರೆ ದೇಹ ತಡೆದುಕೊಳ್ಳುತ್ತದೆ. ಅದಕ್ಕಿಂತ ಬಹಳ ಹೆಚ್ಚು ಹೋದಾಗ, ಇಲ್ಲವೇ ಜೊತೆಗೆ ಸಕ್ಕರೆ, ಬಿ.ಪಿ. ಸೇರಿದಾಗ ಅಪಾಯ.

1988ರಲ್ಲಿ ಬ್ರೆನ್ನರ್ ಇನ್ನೊಂದು ವಿಚಾರ ಮುಂದಿಟ್ಟರು. ಕೆಲವರು ಕಡಿಮೆ ನೆಫ್ರಾನ್‌ಗಳೊಂದಿಗೇ ಹುಟ್ಟುತ್ತಾರೆ, ಅವರಿಗೆ ಮುಂದೆ ಬಿ.ಪಿ. ಬರುವ ಸಂಭವ ಹೆಚ್ಚು ಎಂಬುದು ಅದು. 2003ರಲ್ಲಿ ಜರ್ಮನಿಯ ಸಂಶೋಧಕರು ಅಪಘಾತದಲ್ಲಿ ತೀರಿಕೊಂಡವರ ಮೂತ್ರಪಿಂಡಗಳಲ್ಲಿ ಎಣಿಸಿ ನೋಡಿದಾಗ, ಬಿ.ಪಿ. ಇದ್ದ 10 ಜನರಲ್ಲಿ ಸುಮಾರು 7 ಲಕ್ಷ, ಇಲ್ಲದ 10 ಜನರಲ್ಲಿ ಸುಮಾರು 14 ಲಕ್ಷ ಜರಡಿಗಳು ಕಂಡವು. ಗರ್ಭಿಣಿಯ ಆರೈಕೆ ಮಗುವಿನ ಮುಂದಿನ ಆರೋಗ್ಯಕ್ಕೂ ಎಷ್ಟು ಮುಖ್ಯ ಎಂಬುದು ಇದರಿಂದ ತಿಳಿಯುತ್ತದೆ.

ಮನೆಯವರು ತಿಳಿದಿರಬೇಕಾದದ್ದು

ಉಳಿದ ನೆಫ್ರಾನ್‌ಗಳು ಬಹಳ ಕಾಲ ಹೊರೆ ಹೊರುವುದರಿಂದ ನೋವು, ಊತ ಯಾವುದೂ ಮೊದಲು ಕಾಣುವುದಿಲ್ಲ. ಕಂಡಾಗ ತಡವಾಗಿರುತ್ತದೆ. ಆದ್ದರಿಂದ:

- ಸಕ್ಕರೆ ಅಥವಾ ಬಿ.ಪಿ. ಇರುವವರು ವರ್ಷಕ್ಕೊಮ್ಮೆಯಾದರೂ ಮೂತ್ರದಲ್ಲಿ ಅಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಬೇಕು.
- ಪ್ರಿಲ್, ಸಾರ್ಟನ್ ಮಾತ್ರೆಗಳನ್ನು ತಾವಾಗಿ ಶುರು ಮಾಡಬಾರದು, ತಾವಾಗಿ ನಿಲ್ಲಿಸಬಾರದು. ಶುರು ಮಾಡಿದ ಮೇಲೆ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಬೇಕು. ಕ್ರಿಯಾಟಿನಿನ್ ಮೊದಲಿಗೆ ಸ್ವಲ್ಪ ಏರಬಹುದು. ಗಾಬರಿಯಾಗದೆ ವೈದ್ಯರಿಗೆ ತೋರಿಸಬೇಕು.
- ಪ್ರಿಲ್‌ನಿಂದ ಒಣಕೆಮ್ಮು ಬಂದರೆ ವೈದ್ಯರಿಗೆ ಹೇಳಬೇಕು. ಬದಲಿ ಮಾತ್ರೆ ಇದೆ.
- ಗರ್ಭಿಣಿಯರು ಈ ಎರಡೂ ಬಗೆಯ ಮಾತ್ರೆ ಸೇವಿಸಬಾರದು.
- ಮಂಡಿನೋವು, ಬೆನ್ನುನೋವಿಗೆಂದು ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ದಿನಗಟ್ಟಲೆ ನುಂಗಬಾರದು.

ಡಯಾಲಿಸಿಸ್ ಎಂದರೆ ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ದಿನ ಆಸ್ಪತ್ರೆ, ಜೊತೆಗೆ ಹೋಗಲು ಮನೆಯ ಒಬ್ಬರು, ನಿಲ್ಲದ ಖರ್ಚು. ಆ ದಿನವನ್ನು ಕೆಲವು ವರ್ಷ ಮುಂದೂಡಿದರೂ ಒಂದು ಕುಟುಂಬಕ್ಕೆ ಅದು ದೊಡ್ಡ ಉಪಕಾರ. ಅದು ಸಾಧ್ಯವಾಗಬೇಕಾದರೆ ಕಾಯಿಲೆ ಬೇಗ ಗೊತ್ತಾಗಬೇಕು. ಮೂತ್ರದ ಒಂದು ಸಣ್ಣ ಪರೀಕ್ಷೆಯಿಂದಲೇ ಅದು ಗೊತ್ತಾಗುತ್ತದೆ.