ನಲ್ಲಿಯ ನೀರು, ಮೀನಿನ ಉಸಿರು

ಯಲ್ಲಾಪುರದ ಬಳಿಯ ಮಾಗೋಡಿನಲ್ಲಿ ಬೇಡ್ತಿ ನದಿಯು ಸುಮಾರು 200 ಮೀಟರ್ ಆಳದ ಕಣಿವೆಗೆ ಧುಮುಕುವುದನ್ನು ಒಮ್ಮೆ ನೋಡಿದವರು ಮರೆಯಲಾರರು. ಆ ಸೀಮೆಯ ಅಡಿಕೆ ತೋಟಗಳ ನಡುವಿನ ಅನೇಕ ಮನೆಗಳಲ್ಲಿ ಹಿಂದೆ ನೀರನ್ನು ಸೇದಬೇಕಾಗಿರಲಿಲ್ಲ. ಗುಡ್ಡದ ಮೇಲಿನ ಒರತೆಯ ನೀರು, ಅಡಿಕೆಮರವನ್ನು ಸೀಳಿ ತಿರುಳು ತೆಗೆದು ಮಾಡಿದ ದೋಣಿಗಳಲ್ಲಿ ತಾನಾಗಿಯೇ ಇಳಿದುಬಂದು ಬಚ್ಚಲ ಬಳಿಯ ತೊಟ್ಟಿಗೆ ಬೀಳುತ್ತಿತ್ತು. ಅದೇ ಅಬ್ಬಿಯ ನೀರು. ಇಂದು ದೋಣಿಯ ಸ್ಥಾನವನ್ನು ಪ್ಲಾಸ್ಟಿಕ್ ಕೊಳವೆ ಆಕ್ರಮಿಸಿದೆ. ಅಂತಹ ತೊಟ್ಟಿಯಲ್ಲಿ ಹಳ್ಳದ ಮೀನುಗಳು ಯಾವ ಆರೈಕೆಯೂ ಇಲ್ಲದೆ ಬಹುಕಾಲ ಬದುಕಿದ್ದುದನ್ನು ನಾವು ಬಾಲ್ಯದಲ್ಲಿ ಕಂಡಿದ್ದೆವು.

ಮುಂದೆ ಉದ್ಯೋಗಕ್ಕಾಗಿ ಪಟ್ಟಣವನ್ನು ಸೇರಿದಾಗ, ಗಾಜಿನ ತೊಟ್ಟಿಯೊಂದರಲ್ಲಿ ನಾಲ್ಕು ಹೊಂಬಣ್ಣದ ಮೀನುಗಳನ್ನು ಸಾಕಿದೆವು. ಒಂದು ಭಾನುವಾರ, ನೀರು ಮಂಕಾಗಿದೆಯೆಂದು ಎಲ್ಲವನ್ನೂ ಚೆಲ್ಲಿ, ನಲ್ಲಿಯಿಂದ ಥಳಥಳಿಸುವ ಹೊಸ ನೀರನ್ನು ತುಂಬಿದೆವು. ಸಂಜೆಯ ವೇಳೆಗೆ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು. ಮರುದಿನ ಬೆಳಗಾಗುವಷ್ಟರಲ್ಲಿ ಮೂರು ಸತ್ತಿದ್ದವು. ವಿಜ್ಞಾನವನ್ನು ಬೋಧಿಸುವವರ ಮನೆಯಲ್ಲಿ ನಡೆದ ಈ ಅನಾಹುತಕ್ಕೆ ಕಾರಣ ನಮ್ಮ ಅಜ್ಞಾನವೇ ಹೊರತು ನಲ್ಲಿಯ ನೀರಿನ ದೋಷವಲ್ಲ. ಆ ನೀರು ಮನುಷ್ಯರಿಗೆ ಹೇಗಿರಬೇಕೋ ಹಾಗೆಯೇ ಇತ್ತು. ಅದರಲ್ಲಿ ಕ್ಲೋರಿನ್ ಇತ್ತು.

ಕ್ಲೋರಿನ್ ಏಕೆ ಬೇಕು?

ಕಾಲರಾ, ವಿಷಮಶೀತಜ್ವರ ಮೊದಲಾದ ರೋಗಗಳು ನೀರಿನ ಮೂಲಕ ಹಬ್ಬುತ್ತವೆ. ಅವುಗಳ ಅಣುಜೀವಿಗಳನ್ನು ಕೊಲ್ಲಲು ಊರಿನ ನೀರಿಗೆ ನಿತ್ಯವೂ ಕ್ಲೋರಿನ್ ಬೆರೆಸುವ ಪದ್ಧತಿಯು 1902ರಲ್ಲಿ ಬೆಲ್ಜಿಯಂ ದೇಶದ ಮಿಡಲ್‌ಕೆರ್ಕ್‌ನಲ್ಲಿಯೂ 1908ರಲ್ಲಿ ಅಮೆರಿಕದ ಜರ್ಸಿ ನಗರದಲ್ಲಿಯೂ ಆರಂಭವಾಯಿತು. ಕೊಳವೆಯಲ್ಲಿ ಹರಿಯುವಾಗ ನೀರು ಮತ್ತೆ ಕೆಡಬಾರದಷ್ಟೆ. ಆದುದರಿಂದ ಮನೆಯ ನಲ್ಲಿಗೆ ಬರುವಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಭಾರತೀಯ ಮಾನಕ ಸಂಸ್ಥೆಯ 2012ರ ನಿಯಮವು ಹೇಳುತ್ತದೆ. ಹಳ್ಳಿಯ ಬಾವಿಗಳಿಗೆ ಮಳೆಗಾಲದಲ್ಲಿ ಬ್ಲೀಚಿಂಗ್ ಪುಡಿ ಹಾಕುವುದೂ ಇದೇ ಉದ್ದೇಶದಿಂದ. ಒಳ್ಳೆಯ ಪುಡಿಯಾದರೆ 1000 ಲೀಟರ್ ನೀರಿಗೆ 2.5 ಗ್ರಾಂ ಸಾಕು. ಲೀಟರಿಗೆ ಸುಮಾರು 0.7 ಮಿಲಿಗ್ರಾಂ ಕ್ಲೋರಿನ್ ಸೇರಿದಂತಾಯಿತು.

ನಮಗೆ ರಕ್ಷೆ, ಮೀನಿಗೆ ವಿಷ

ಅದೇ ನೀರನ್ನು ಕುಡಿದ ನಮಗೆ ಏನೂ ಆಗದೆ, ಮೀನು ಮಾತ್ರ ಸಾಯುವುದೇಕೆ? ನಾವು ನೀರನ್ನು ಕುಡಿಯುತ್ತೇವೆ. ಮೀನು ಅದರಲ್ಲಿ ಉಸಿರಾಡುತ್ತದೆ. ನಾವು ಕುಡಿದ ನೀರಿನ ಕ್ಲೋರಿನ್, ಜೊಲ್ಲಿನೊಡನೆಯೂ ಜಠರದ ಪದಾರ್ಥಗಳೊಡನೆಯೂ ಸೇರಿ ರಕ್ತವನ್ನು ಮುಟ್ಟುವ ಮೊದಲೇ ಮುಗಿದುಹೋಗುತ್ತದೆ. ಮೀನಿನ ಕಿವಿರಿನಲ್ಲಾದರೋ ನೀರಿಗೂ ರಕ್ತಕ್ಕೂ ನಡುವೆ ಅತಿ ತೆಳುವಾದ ಪೊರೆಯೊಂದೇ ಇದೆ. ಕ್ಲೋರಿನ್ ಆ ಪೊರೆಯನ್ನು ಸುಡುತ್ತದೆ; ನೀರಿನಲ್ಲಿ ಆಮ್ಲಜನಕವಿದ್ದರೂ ಮೀನಿಗೆ ಉಸಿರು ಕಟ್ಟುತ್ತದೆ. ಸಿಹಿನೀರಿನ ಜೀವಿಗಳಿಗೆ ಒಂದು ಗಂಟೆಯ ಸರಾಸರಿಯಲ್ಲಿ ಲೀಟರಿಗೆ 0.019 ಮಿಲಿಗ್ರಾಂ ಮೀರಬಾರದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 1985ರಲ್ಲಿ ಗೊತ್ತುಪಡಿಸಿತು. ನಮ್ಮ ನಲ್ಲಿಯಲ್ಲಿ ಇರಲೇಬೇಕಾದ ಕನಿಷ್ಠ ಪ್ರಮಾಣವು ಇದರ ಹತ್ತು ಪಟ್ಟಿಗಿಂತ ಹೆಚ್ಚು!

ಮನುಷ್ಯನಿಗೂ ಒಂದು ಸಂದರ್ಭದಲ್ಲಿ ಮೀನಿನ ಅವಸ್ಥೆಯೇ ಬರುತ್ತದೆ. ಮೂತ್ರಪಿಂಡ ಕೆಟ್ಟವರಿಗೆ ಡಯಾಲಿಸಿಸ್ ಮಾಡುವಾಗ ರಕ್ತವೂ ನೀರೂ ತೆಳು ಪೊರೆಯೊಂದರ ಎರಡು ಬದಿಗಳಲ್ಲಿ ಹರಿಯುತ್ತವೆ. ಆದಕಾರಣ ಆ ನೀರಿನಿಂದ ಕ್ಲೋರಿನನ್ನು ಮೊದಲೇ ತೆಗೆದಿರುತ್ತಾರೆ.

ಸೋಸಿದರೆ ಹೋಗದು

ಬಟ್ಟೆಯಲ್ಲಿಯೋ ಮರಳಿನಲ್ಲಿಯೋ ಸೋಸಿದರೆ ಕ್ಲೋರಿನ್ ಹೋಗದು. ಅದು ನೀರಿನಲ್ಲಿ ತೇಲುವ ಕಸವಲ್ಲ, ಕರಗಿದ ವಸ್ತು. ಸಕ್ಕರೆ ಪಾನಕವನ್ನು ಸೋಸಿ ಸಿಹಿಯನ್ನು ತೆಗೆಯಬಹುದೆ? ಕರಗಿದ ಕ್ಲೋರಿನನ್ನು ಬೇರೊಂದು ನಿರಪಾಯ ವಸ್ತುವನ್ನಾಗಿ ಮಾರ್ಪಡಿಸಬೇಕು. ಅದಕ್ಕೆ ಮೂರು ಉಪಾಯಗಳುಂಟು.

ಮೊದಲನೆಯದು ಗಾಳಿ ಮತ್ತು ಬಿಸಿಲು. ಮಾಗೋಡಿನಲ್ಲಿ ನೀರು ತುಂತುರಾಗಿ ಒಡೆಯುವಾಗ ಅದರ ಮೇಲ್ಮೈ ಅಪಾರವಾಗಿ ಹೆಚ್ಚಿ, ನೀರಿಗೂ ಗಾಳಿಗೂ ಅನಿಲಗಳ ವಿನಿಮಯ ಬೇಗ ನಡೆಯುತ್ತದೆ. ಕ್ಲೋರಿನ್ ಕೂಡ ಹೀಗೆಯೇ ಹಾರಿಹೋಗುವುದೆಂದು ಅನೇಕರು ಭಾವಿಸುತ್ತಾರೆ. ಇದು ಅರ್ಧ ಸತ್ಯ. ನೀರಿಗೆ ಸೇರಿದ ಕ್ಲೋರಿನ್ ಬಹುಪಾಲು ಅನಿಲವಾಗಿ ಉಳಿಯದೆ ಹೈಪೋಕ್ಲೋರಸ್ ಆಮ್ಲವಾಗುತ್ತದೆ. ಈ ಆಮ್ಲವು ಆಮ್ಲಜನಕದಷ್ಟು ಸುಲಭವಾಗಿ ನೀರನ್ನು ಬಿಟ್ಟುಹೋಗುವುದಿಲ್ಲ. ಅದನ್ನು ಒಡೆಯುವ ಶಕ್ತಿ ಬಿಸಿಲಿಗಿದೆ. ಬಾಯಗಲದ ಪಾತ್ರೆಯಲ್ಲಿ ತೆಳುವಾಗಿ ನಿಲ್ಲಿಸಿದ ನೀರಿನ ಮೇಲೆ ನಡುಹಗಲಿನ ಬಿಸಿಲು ಬಿದ್ದರೆ ಕೆಲವೇ ಗಂಟೆಗಳಲ್ಲಿ ಬಹುಭಾಗ ಕ್ಲೋರಿನ್ ನಿರಪಾಯವಾದ ಕ್ಲೋರೈಡ್ ಆಗುತ್ತದೆ. ಮುಚ್ಚಿದ ಕೊಡದಲ್ಲಿ ಇಡೀ ರಾತ್ರಿ ಇಟ್ಟರೂ ಇಷ್ಟು ಕೆಲಸವಾಗದು.

ಎರಡನೆಯದು ಪಟುಗೊಳಿಸಿದ ಇದ್ದಿಲು. ತೆಂಗಿನ ಕರಟದ ಇದ್ದಿಲನ್ನು ಉಗಿಯಲ್ಲಿ ಚೆನ್ನಾಗಿ ಕಾಯಿಸಿ, ಅದರಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮ ರಂಧ್ರಗಳಾಗುವಂತೆ ಮಾಡುತ್ತಾರೆ. ಇದರ ಒಂದು ಗ್ರಾಮಿನ ಒಳಮೈಯನ್ನು ಹರಡಿದರೆ 500 ಚದರ ಮೀಟರಿಗೂ ಹೆಚ್ಚಾದೀತು. ಇಲ್ಲಿಯೂ ನಡೆಯುವುದು ಸೋಸುವಿಕೆಯಲ್ಲ, ರಾಸಾಯನಿಕ ಕ್ರಿಯೆ: ಇಂಗಾಲವು ಆಮ್ಲಜನಕವನ್ನು ಕಿತ್ತುಕೊಂಡು ಕ್ಲೋರಿನನ್ನು ಕ್ಲೋರೈಡ್ ಮಾಡಿಬಿಡುತ್ತದೆ. ನೀರು ನಿಧಾನವಾಗಿ ಹರಿದರೆ ಮಾತ್ರ ಇದಕ್ಕೆ ಅವಕಾಶ. ಒಲೆಯ ಇದ್ದಿಲು ಇದಕ್ಕೆ ಸಾಟಿಯಲ್ಲ.

ಮೂರನೆಯದು ಸೋಡಿಯಂ ಥಯೋಸಲ್ಫೇಟ್, ಎಂದರೆ ಹಿಂದೆ ಛಾಯಾಚಿತ್ರಗಾರರು ಬಳಸುತ್ತಿದ್ದ ಹೈಪೋ ಹರಳು. ಇದು ಕ್ಷಣಮಾತ್ರದಲ್ಲಿ ಕ್ಲೋರಿನನ್ನು ನಿವಾರಿಸುತ್ತದೆ. ತೂಕದಲ್ಲಿ ಕ್ಲೋರಿನಿನ ಏಳರಷ್ಟು ಹರಳು ಸಾಕು. ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಇರುವ 20 ಲೀಟರ್ ನೀರಿಗೆ 140 ಮಿಲಿಗ್ರಾಂ ಬೇಕು. ಇಷ್ಟು ಅಲ್ಪವನ್ನು ಮನೆಯಲ್ಲಿ ತೂಗುವುದು ಕಷ್ಟವಾದ್ದರಿಂದ 14 ಗ್ರಾಂ ಹರಳನ್ನು ಒಂದು ಲೀಟರ್ ದ್ರಾವಣ ಮಾಡಿಟ್ಟುಕೊಂಡು, ಅದರಲ್ಲಿ 10 ಮಿಲಿಲೀಟರ್ ಹಾಕಿದರೆ ಲೆಕ್ಕ ಸರಿಹೋಗುತ್ತದೆ.

ಅವಿತಿರುವ ವೈರಿ

ನೀರಿನಲ್ಲಿ ಅಮೋನಿಯ ಇದ್ದರೆ, ಅಥವಾ ಅದನ್ನು ಬೇಕೆಂದೇ ಬೆರೆಸಿದರೆ, ಕ್ಲೋರಿನ್ ಅದರೊಡನೆ ಕೂಡಿ ಕ್ಲೋರಮೀನ್ ಆಗುತ್ತದೆ. ಇದು ಬಲು ಹಟಮಾರಿ; ರಾತ್ರಿಯಿಡೀ ತೆರೆದಿಟ್ಟರೂ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಹೈಪೋ ಇದನ್ನು ಒಡೆಯುತ್ತದೆ, ಆದರೆ ಅಮೋನಿಯವನ್ನು ಹಿಂದೆ ಬಿಡುತ್ತದೆ; ಅದೂ ಮೀನಿಗೆ ವಿಷವೇ. ಅಂತಹ ಕಡೆ ಅಮೋನಿಯವನ್ನೂ ಹಿಡಿದಿಡುವ ಔಷಧಿ ಬೇಕು. ನೀರಿನಲ್ಲಿ ಏನಿದೆಯೆಂದು ತಿಳಿಯಲು ಡಿ.ಪಿ.ಡಿ. ಎಂಬ ಪರೀಕ್ಷೆಯುಂಟು. ಮೊದಲ ಗುಳಿಗೆಗೆ ಬರುವ ಗುಲಾಬಿ ಬಣ್ಣವು ಬಿಡಿ ಕ್ಲೋರಿನನ್ನು ತೋರಿಸುತ್ತದೆ. ಎರಡನೆಯದಕ್ಕೆ ಬಣ್ಣ ಇನ್ನಷ್ಟು ಗಾಢವಾದರೆ ಕ್ಲೋರಮೀನ್ ಇದೆಯೆಂದರ್ಥ.

ನಮ್ಮ ಇನ್ನೊಂದು ತಪ್ಪು, ನೀರನ್ನೆಲ್ಲಾ ಒಮ್ಮೆಗೇ ಬದಲಾಯಿಸಿದ್ದು. ಮೀನುಗಳೇ ವಿಸರ್ಜಿಸುವ ಅಮೋನಿಯವನ್ನು ಅಷ್ಟು ಹಾನಿಕರವಲ್ಲದ ನೈಟ್ರೇಟಾಗಿ ಮಾರ್ಪಡಿಸುವ ಅಣುಜೀವಿಗಳು ತೊಟ್ಟಿಯ ಮರಳಿನಲ್ಲಿಯೂ ಶೋಧಕದ ಸ್ಪಂಜಿನಲ್ಲಿಯೂ ನೆಲೆಸಿರುತ್ತವೆ. ಕ್ಲೋರಿನ್ ಅವನ್ನೂ ಕೊಲ್ಲುತ್ತದೆ. ಆದುದರಿಂದ ಒಂದು ಸಲಕ್ಕೆ ಕಾಲುಭಾಗ ನೀರನ್ನು ಮಾತ್ರ ಬದಲಾಯಿಸಿ, ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಹಿಂಡಬೇಕು. ಹೊಸ ನೀರು ಹಳೆಯದರಷ್ಟೇ ಬೆಚ್ಚಗಿರಬೇಕು.

ಇಷ್ಟನ್ನು ಓದಿದ ವಿದ್ಯಾರ್ಥಿಗಳು ಕ್ಲೋರಿನನ್ನು ಶಪಿಸಬಾರದು. ಅದನ್ನು ಕಳೆದುಕೊಂಡ ನೀರಿಗೆ ಕಾವಲಿಲ್ಲ. ಮೀನಿಗೆಂದು ಸಿದ್ಧಪಡಿಸಿದ ನೀರನ್ನು ಕುಡಿಯುವ ಹೂಜಿಗೆ ಸುರಿಯುವುದು ತರವಲ್ಲ. ಮನೆಯ ಮಗುವನ್ನು ಕಾಯುವ ವಸ್ತುವೇ ತೊಟ್ಟಿಯ ಮೀನನ್ನು ಕೊಲ್ಲಬಲ್ಲುದು. ಉಳಿದ ನಮ್ಮ ಒಂದು ಮೀನು ಆಮೇಲೆ ಎರಡು ವರ್ಷ ಬದುಕಿತು. ಅದಕ್ಕಾಗಿ ವಾರಕ್ಕೊಮ್ಮೆ ಬಿಸಿಲಿನಲ್ಲಿಡುತ್ತಿದ್ದ ಅಗಲವಾದ ಬೋಗುಣಿಯು ಇಂದಿಗೂ ನಮ್ಮ ಮಾಳಿಗೆಯ ಮೇಲಿದೆ.