ಕಚ್ಚಿಕೊಂಡ ಸೈಲೆನ್ಸರ್ ಬಿಚ್ಚುವ ಬಗೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿ ತಯಾರಾದ ಯೆಜ್ಡಿ ಗಾಡಿಗಳು ಮಲೆನಾಡಿನಲ್ಲಿ ಇನ್ನೂ ಓಡುತ್ತಿವೆ. ಹಳೆಯ ಗಾಡಿ ಕೊಂಡ ಬೆಳೆಗಾರ ಬಾಂಧವರಿಗೆ ಎದುರಾಗುವ ಒಂದು ತೊಡಕು, ಅಲುಗದಂತೆ ಕಚ್ಚಿಕೊಂಡ ಜೋಡಿ ಸೈಲೆನ್ಸರುಗಳು. ಒಳಗೆ ಮಸಿ ಕಟ್ಟಿದರೆ ಹೊಗೆ ಸರಾಗವಾಗಿ ಹೊರಹೋಗದು. ಏರುದಾರಿಯಲ್ಲಿ ಎಂಜಿನ್ ಸೋಲುತ್ತದೆ. ಆದ್ದರಿಂದ ಬಿಚ್ಚಿ ಶುಚಿ ಮಾಡಲೇಬೇಕು.

ಕಚ್ಚಿಕೊಳ್ಳಲು ಕಾರಣ ಎರಡು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನೊಡನೆ ಉರಿಯುವ ಎಣ್ಣೆ ಜಿಡ್ಡಾಗಿ ಕೀಲಿನಲ್ಲಿ ಸುಟ್ಟು ಗಟ್ಟಿಯಾಗುತ್ತದೆ. ಹೊರಗಿನಿಂದ ಮಳೆನೀರು ಇಳಿದು ತುಕ್ಕು ಹಿಡಿಯುತ್ತದೆ. ಮೈಲುತುತ್ತದ ನೀರು ಕಬ್ಬಿಣವನ್ನು ತಿನ್ನುವುದು ನಮಗೆಲ್ಲ ತಿಳಿದದ್ದೇ; ಗಾಡಿಯ ಮೇಲೆ ಅದನ್ನು ಸಾಗಿಸುವವರು ಸೈಲೆನ್ಸರಿನ ಮೇಲೆ ಚೆಲ್ಲದಂತೆ ನೋಡಿಕೊಳ್ಳಬೇಕು.

ಎಂಜಿನ್ ತಣ್ಣಗಿರುವಾಗ ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕ್ಲಾಂಪ್ ಮತ್ತು ಹಿಂಬದಿಯ ಬೋಲ್ಟುಗಳನ್ನು ತೆಗೆಯಿರಿ. ಕೀಲನ್ನು ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆಯನ್ನು ಎರಡು ದಿನ ಬೆಳಿಗ್ಗೆ ಸಂಜೆ ಬಿಡಿ. ಅದಿಲ್ಲದಿದ್ದರೆ ಸೀಮೆಎಣ್ಣೆ ಅಥವಾ ಡೀಸೆಲ್ ಆದೀತು. ಬಳಿಕ ಮರದ ಕೊಡತಿಯಿಂದ ಸುತ್ತಲೂ ಮೆಲ್ಲಗೆ ತಟ್ಟಿ, ಸೈಲೆನ್ಸರನ್ನು ಎಡಕ್ಕೂ ಬಲಕ್ಕೂ ತಿರುಚಬೇಕು. ನೇರ ಎಳೆದರೆ ಬರುವುದಿಲ್ಲ. ತುಕ್ಕಿನ ಹಿಡಿತ ಮುರಿಯುವುದು ತಿರುಚಿದಾಗ.

ಆಗಲೂ ಅಲುಗದಿದ್ದರೆ ಕೊಕ್ಕೆ ಸ್ಪ್ಯಾನರಿನಿಂದ ಸಿಲಿಂಡರಿನ ಬಳಿಯ ದೊಡ್ಡ ನಟ್ಟನ್ನು ಸಡಿಲಿಸಿ, ಕೊಳವೆ ಸಮೇತ ಕೆಳಗಿಳಿಸಿರಿ. ಈ ನಟ್ಟಿಗೆ ಉಳಿ ಇಟ್ಟು ಹೊಡೆಯುವುದು ಸಲ್ಲದು. ಸಿಲಿಂಡರಿನ ಥ್ರೆಡ್ ಕೆಟ್ಟರೆ ಸೈಲೆನ್ಸರಿನ ಕೆಲಸ ಎಂಜಿನ್ನಿನ ಕೆಲಸವಾಗಿ ಖರ್ಚು ಹಲವು ಪಟ್ಟು ಏರುತ್ತದೆ.

ಇಳಿಸಿದ ಮೇಲೆ ಎಣ್ಣೆ ಪೂರ್ತಿ ಒರೆಸಿ, ಕೀಲಿನ ಹೊರಭಾಗವನ್ನು ಮಾತ್ರ ಬ್ಲೋಲ್ಯಾಂಪಿನಿಂದ ಕಾಯಿಸಬಹುದು. ಹೊರಗಿನ ಕೊಳವೆ ಮೊದಲು ಹಿಗ್ಗಿ ಹಿಡಿತ ಸಡಿಲವಾಗುತ್ತದೆ. ಕ್ರೋಮ್ ನೀಲಿಗಟ್ಟೀತು, ಅದಕ್ಕೆ ಸಿದ್ಧರಿರಬೇಕು. ಈ ಕೆಲಸ ಬಯಲಿನಲ್ಲೇ ಆಗಲಿ. ಗಾಡಿಯ ಹತ್ತಿರವಾಗಲಿ, ಅಡಿಕೆ ಸಿಪ್ಪೆ, ಗೋಣಿಚೀಲ ಇರುವ ಕೊಟ್ಟಿಗೆಯಲ್ಲಾಗಲಿ ಬೆಂಕಿ ಬೇಡ. ಸೈಲೆನ್ಸರ್ ಹೇಗೂ ತೂತುಬಿದ್ದು ಕೆಟ್ಟಿದ್ದರೆ, ಅದರ ಬಾಯನ್ನು ಗರಗಸದಿಂದ ಉದ್ದಕ್ಕೆ ಸೀಳಿ, ಒಳಗಿನ ಕೊಳವೆಯನ್ನು ಉಳಿಸಿಕೊಳ್ಳಿರಿ.

ಮರಳಿ ಜೋಡಿಸುವಾಗ ಎರಡೂ ಮುಖಗಳನ್ನು ಎಮರಿ ಕಾಗದದಿಂದ ಉಜ್ಜಿ, ಶಾಖ ತಡೆಯುವ ತಾಮ್ರದ ಗ್ರೀಸನ್ನು ತೆಳುವಾಗಿ ಹಚ್ಚಿರಿ. ಎಲ್ಲವನ್ನೂ ಸಡಿಲವಾಗಿ ಕೂರಿಸಿ, ಸಿಲಿಂಡರಿನ ಕಡೆಯಿಂದ ಹಿಂದಕ್ಕೆ ಬಿಗಿಯುತ್ತಾ ಬನ್ನಿ. ಪ್ರತಿ ವರ್ಷ ಮುಂಗಾರಿಗೆ ಮೊದಲು ಒಮ್ಮೆ ಬಿಚ್ಚಿ ಜೋಡಿಸಿದರೆ, ಮುಂದಿನ ಸಲ ಎರಡು ದಿನ ಕಾಯುವ ಪ್ರಮೇಯ ಬಾರದು.