ನಿಂತೊಡನೆ ಆರಿಹೋಗುವ ಇಂಜಿನು

ಕುಂದಾಪುರ ತಾಲೂಕಿನ ಕೆರಾಡಿಯು ಪಶ್ಚಿಮಘಟ್ಟದ ತಪ್ಪಲಿನ ಗ್ರಾಮ. ಕಾಡು, ತೋಟ, ಗದ್ದೆಗಳ ನಡುವೆ ಏರಿಳಿಯುವ ದಾರಿ. ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರಿನಷ್ಟು ಮಳೆ. ಇಂತಹ ಊರುಗಳಲ್ಲಿಯೂ ಮನೆಯಂಗಳದಲ್ಲಿ ಕಾರು ನಿಂತಿರುವುದು ಈಗ ವಿಶೇಷವಲ್ಲ. ಆಸ್ಪತ್ರೆಗೆ, ಮದುವೆಮನೆಗೆ, ಕೊಲ್ಲೂರಿನ ದೇವರ ದರ್ಶನಕ್ಕೆ, ಘಟ್ಟದ ಮೇಲಿನ ನಂಟರ ಮನೆಗೆ ಅದೇ ಆಧಾರ. ಆದರೆ ಪೇಟೆಯಲ್ಲಿರುವಂತೆ ಬೀದಿಗೊಂದು ಗ್ಯಾರೇಜು ಹಳ್ಳಿಯಲ್ಲಿ ಇರುವುದಿಲ್ಲ. ಆದುದರಿಂದ ಕಾರಿನ ಸಾಮಾನ್ಯ ಕಾಯಿಲೆಗಳ ಗುರುತನ್ನಾದರೂ ಮನೆಯವರು ತಿಳಿದಿರುವುದು ಲೇಸು. ಅವುಗಳಲ್ಲೊಂದು, ಓಡುವಾಗ ಸರಿಯಾಗಿದ್ದು, ಆಕ್ಸಿಲರೇಟರಿನಿಂದ ಕಾಲು ತೆಗೆದು ನಿಂತೊಡನೆ ಇಂಜಿನು ಆರಿಹೋಗುವುದು.

ಇದನ್ನು ಅನೇಕರು ಅಲ್ಪದೋಷವೆಂದು ತಿಳಿದು, ಮತ್ತೆ ಕೀಲಿ ತಿರುಗಿಸಿ ಮುಂದುವರಿಯುತ್ತಾರೆ. ಬಯಲುದಾರಿಯಲ್ಲಿ ಇದರಿಂದಾಗುವ ತೊಂದರೆ ಅಲ್ಪವೇ ಸರಿ. ಹುಲಿಕಲ್ ಘಾಟಿಯಲ್ಲಿಯೋ ಕೊಲ್ಲೂರು ಘಾಟಿಯಲ್ಲಿಯೋ ಇಳಿಯುವಾಗ ಹಾಗಲ್ಲ. ಕೆಲವು ಚಾಲಕರು ಪೆಟ್ರೋಲು ಉಳಿಯುವುದೆಂದು ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲಿನಲ್ಲಿ ಬಿಡುತ್ತಾರೆ. ಗೇರಿನಲ್ಲಿದ್ದಾಗ ಉರುಳುವ ಚಕ್ರಗಳೇ ಇಂಜಿನನ್ನು ತಿರುಗಿಸುತ್ತಿರುವುದರಿಂದ ಅದು ಆರುವ ಸಂಭವವು ಕಡಿಮೆ. ನ್ಯೂಟ್ರಲಿನಲ್ಲಿ ಇಂಜಿನು ತನ್ನ ಬಲದಿಂದಲೇ ತಿರುಗಬೇಕು. ದೋಷವಿದ್ದರೆ ಅಲ್ಲಿಯೇ ಆರುವುದು. ಇಂಜಿನು ಆರಿದರೆ ಬ್ರೇಕಿಗೆ ಸಹಾಯ ಮಾಡುವ ನಿರ್ವಾತಬಲವು ಒಂದೆರಡು ಸಲ ತುಳಿಯುವಷ್ಟರಲ್ಲಿ ತೀರಿ, ಪೆಡಲು ಕಲ್ಲಿನಂತಾಗುವುದು, ಸ್ಟಿಯರಿಂಗೂ ಭಾರವಾಗುವುದು. ಇಂಜೆಕ್ಷನ್ ಪದ್ಧತಿಯ ಕಾರುಗಳಲ್ಲಿ ಗೇರಿನಲ್ಲಿಯೇ ಕಾಲು ತೆಗೆದು ಇಳಿಯುವಾಗ ಪೆಟ್ರೋಲಿನ ಸರಬರಾಜು ತಾನಾಗಿ ನಿಲ್ಲುವುದರಿಂದ ನ್ಯೂಟ್ರಲಿನಿಂದ ಉಳಿತಾಯವೂ ಇಲ್ಲ. ಹೀಗಿರಲು, ನಿಂತಲ್ಲಿ ಆರುವ ಗಾಡಿಯನ್ನು ದುರಸ್ತಿ ಮಾಡಿಸದೆ ಘಾಟಿಗೆ ಒಯ್ಯಬಾರದು.

ದೋಷವನ್ನು ಹುಡುಕುವ ಮೊದಲು ಇಂಜಿನು ನಿಂತಲ್ಲಿ ಹೇಗೆ ಬದುಕಿರುವುದೆಂಬುದನ್ನು ನೋಡೋಣ. ಪೆಟ್ರೋಲು ಇಂಜಿನಿಗೆ ಗಾಳಿ, ಇಂಧನ, ಕಿಡಿ ಈ ಮೂರೂ ಬೇಕು. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು ೧೪.೭ ಪಾಲು ಗಾಳಿ ಸೇರಿದರೆ ಅದು ಪೂರ್ಣವಾಗಿ ಉರಿಯುವುದು. ಕಾಲು ತೆಗೆದಾಗ ಗಾಳಿಯ ದಾರಿಯಲ್ಲಿರುವ ಥ್ರಾಟಲ್ ಎಂಬ ಬಾಗಿಲು ಬಹುಮಟ್ಟಿಗೆ ಮುಚ್ಚುತ್ತದೆ. ಆಗ ಕೂದಲೆಳೆಯಷ್ಟು ಸಂದಿನಿಂದ ಒಳಬರುವ ಗಾಳಿಯಿಂದಲೇ ಇಂಜಿನು ನಿಮಿಷಕ್ಕೆ ಸುಮಾರು ೭೦೦ರಿಂದ ೯೦೦ ಸುತ್ತು ತಿರುಗುತ್ತಿರಬೇಕು. ವೇಗದಲ್ಲಿ ಓಡುವಾಗ ಲೆಕ್ಕಕ್ಕೇ ಬಾರದ ಅಲ್ಪಲೋಪವು ಇಲ್ಲಿ ಪ್ರಾಣಾಂತಿಕವಾಗುವುದು ಇದರಿಂದಲೇ.

ವೈದ್ಯನು ಮದ್ದಿಗಿಂತ ಮೊದಲು ರೋಗದ ಹೊತ್ತುಗೊತ್ತನ್ನು ವಿಚಾರಿಸುವಂತೆ, ಗಾಡಿಯ ಯಜಮಾನನೂ ಅದು ಯಾವಾಗ ಆರುವುದೆಂಬುದನ್ನು ಗಮನಿಸತಕ್ಕದ್ದು. ಮುಂಜಾನೆ ತಣ್ಣಗಿದ್ದಾಗ ಮಾತ್ರವೋ, ಕಾದ ಮೇಲೋ? ಎ.ಸಿ. ಹಾಕಿದಾಗಲೋ? ರಾತ್ರಿ ದೀಪ ಉರಿಸಿದಾಗಲೋ? ಮಳೆಯಲ್ಲಿ ನೆನೆದ ಮೇಲೋ? ಬ್ಯಾಟರಿ ಬದಲಿಸಿದ ಬಳಿಕವೋ? ಇವನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ಮೆಕ್ಯಾನಿಕನಿಗೆ ಕೊಟ್ಟರೆ ಅವನ ಕೆಲಸ ಅರ್ಧ ಮುಗಿದಂತೆ.

ಮೊದಲು ಗಾಳಿ. ಏರ್ ಫಿಲ್ಟರಿನ ಪೆಟ್ಟಿಗೆಯನ್ನು ತೆರೆದು ನೋಡಿರಿ. ಧೂಳು ತುಂಬಿದ್ದರೂ, ಬಹುದಿನ ನಿಂತ ಗಾಡಿಯಲ್ಲಿ ಇಲಿ ಗೂಡು ಕಟ್ಟಿದ್ದರೂ ಅಲ್ಲಿಯೇ ಕಾಣಿಸುವುದು. ಅನಂತರ ರಬ್ಬರು ಕೊಳವೆಗಳು ಬಿರಿದಿವೆಯೋ ಕಳಚಿವೆಯೋ ನೋಡಿರಿ. ಇಂಜಿನು ನಡೆಯುವಾಗ ‘ಸುಸ್ಸ್’ ಎಂಬ ಸದ್ದು ಕೇಳಿಸಿದರೆ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತಿರಬಹುದು. ಇವೆಲ್ಲ ಸರಿಯಿದ್ದರೆ ಥ್ರಾಟಲಿನ ಅಂಚಿಗೆ ಕಪ್ಪು ಮಸಿ ಹಿಡಿದು ಸಂದು ಮುಚ್ಚಿರುವ ಸಂಭವವುಂಟು. ಅದಕ್ಕೆಂದೇ ದೊರೆಯುವ ಸ್ಪ್ರೇಯಿಂದ ಅದನ್ನು ಶುಚಿಮಾಡಬಹುದು. ಆದರೆ ವಿದ್ಯುತ್ತಿನಿಂದ ನಡೆಯುವ ಥ್ರಾಟಲನ್ನು ಬೆರಳಿನಿಂದ ಬಲವಾಗಿ ತಳ್ಳಬಾರದು. ಶುಚಿಮಾಡಿದ ಮೇಲೆ ಗಾಡಿಯ ಗಣಕಯಂತ್ರಕ್ಕೆ ಹೊಸ ಅಳತೆಯನ್ನು ಕಲಿಸಬೇಕಾಗುವುದೂ ಉಂಟು. ಬ್ಯಾಟರಿ ಬಿಚ್ಚಿದ ಬಳಿಕ ಕೆಲವು ಗಾಡಿಗಳು ಆರುವುದಕ್ಕೂ ಈ ಮರೆವೇ ಕಾರಣ.

ಎರಡನೆಯದು ಕಿಡಿ. ಇಂಜಿನು ತಣಿದ ಮೇಲೆ ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆಸಿ ನೋಡಿದರೆ ಅವೇ ಕಥೆ ಹೇಳುತ್ತವೆ: ತಿಳಿಕಂದು ಬಣ್ಣವು ಆರೋಗ್ಯದ ಲಕ್ಷಣ, ಒಣಮಸಿಯು ಹೆಚ್ಚು ಪೆಟ್ರೋಲಿನ ಲಕ್ಷಣ, ಎಣ್ಣೆಯ ತೇವವು ಇಂಜಿನಿನ ಒಳಸವಕಳಿಯ ಸೂಚನೆ. ಮಳೆಗಾಲದಲ್ಲಿ ಮಾತ್ರ ಆರುವ ಗಾಡಿಯಲ್ಲಿ ವೈರುಗಳ ಕೀಲುಗಳನ್ನೂ, ಇಲಿ ಕಡಿದ ಗುರುತನ್ನೂ ಹುಡುಕಬೇಕು. ನಿಂತ ಗಾಡಿಯಲ್ಲಿ ಬ್ಯಾಟರಿಯು ಸುಮಾರು ೧೨.೬ ವೋಲ್ಟು ತೋರಿಸುವುದು ಸರಿ. ಅದಕ್ಕಿಂತ ಬಹಳ ಇಳಿದಿದ್ದರೆ ದೀಪ ಹಾಕಿದೊಡನೆ ಇಂಜಿನು ಕುಗ್ಗುವುದಕ್ಕೆ ಅದೂ ಕಾರಣವಿರಬಹುದು.

ಮೂರನೆಯದು ಇಂಧನ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಅದು ನೀರನ್ನು ಹೀರುವ ಸ್ವಭಾವದ್ದು. ತೇವದ ಹವೆಯಲ್ಲಿ ಅರೆಬರಿದಾದ ಟ್ಯಾಂಕಿನೊಂದಿಗೆ ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ನೀರು ಸೇರುವ ಭಯವುಂಟು. ಪರಊರಿನಲ್ಲಿದ್ದು ಹಬ್ಬಕ್ಕೆ ಮಾತ್ರ ಬರುವ ಗೃಹಸ್ಥರು ಇದನ್ನು ಗಮನಿಸಬೇಕು. ಫಿಲ್ಟರು ಕಟ್ಟಿದರೂ ಪಂಪು ಬಲಗುಂದಿದರೂ ಇಂಜಿನು ಆರಬಹುದು. ಆದರೆ ಆಗ ಏರಿನಲ್ಲಿಯೂ ಶಕ್ತಿ ಸಾಲದಿರುವುದು. ಪೆಟ್ರೋಲಿನ ಕೊಳವೆಗಳನ್ನು ಮನೆಯಲ್ಲಿ ಬಿಚ್ಚುವುದು ಸಲ್ಲದು.

ಹಿಂದಿನ ಕಾರ್ಬ್ಯುರೇಟರಿನ ಗಾಡಿಗಳಲ್ಲಿ, ೧೯೮೩ರಲ್ಲಿ ಹೊರಬಂದ ಮಾರುತಿ ೮೦೦ರಂತಹವುಗಳಲ್ಲಿ, ಒಂದು ಸ್ಕ್ರೂ ತಿರುಗಿಸಿ ಸುತ್ತು ಹೆಚ್ಚಿಸುವುದು ರೂಢಿಯಾಗಿತ್ತು. ಅದರಿಂದ ರೋಗವು ಮರೆಯಾಗುತ್ತಿತ್ತೇ ಹೊರತು ಹೋಗುತ್ತಿರಲಿಲ್ಲ. ಈಗಿನ ಗಾಡಿಗಳಲ್ಲಿ ದೋಷವಾದರೆ ಹಲವು ಸಲ ಇಂಜಿನಿನ ಚಿತ್ರವುಳ್ಳ ಹಳದಿ ದೀಪವು ಉರಿಯುವುದು. ಸ್ಟಿಯರಿಂಗಿನ ಕೆಳಗೆ ಸ್ಕ್ಯಾನರು ಜೋಡಿಸಿದರೆ ಸಂಕೇತಸಂಖ್ಯೆ ದೊರೆಯುವುದು. ಆದರೆ ಆ ಸಂಖ್ಯೆಯು ಸಾಕ್ಷಿಯೇ ಹೊರತು ತೀರ್ಪಲ್ಲ. ‘ಪಿ೦೧೭೧’ ಎಂದು ಬಂದರೆ ಇಂಧನಕ್ಕಿಂತ ಗಾಳಿ ಹೆಚ್ಚಾಗಿದೆ ಎಂದರ್ಥ. ಅದಕ್ಕೆ ಕಾರಣವು ದುಬಾರಿಯ ಸೆನ್ಸಾರಾಗಿರದೆ ಅಲ್ಪಬೆಲೆಯ ಒಂದು ಬಿರಿದ ಕೊಳವೆಯೂ ಆಗಿರಬಹುದು. ಆದುದರಿಂದ ಸಾಮಾನು ಬದಲಿಸಲು ಒಪ್ಪುವ ಮೊದಲು “ಇದೇ ಕೆಟ್ಟಿದೆಯೆಂದು ಹೇಗೆ ತಿಳಿಯಿತು?” ಎಂದು ವಿನಯದಿಂದ ಕೇಳುವುದು ತಪ್ಪಲ್ಲ. ಒಳ್ಳೆಯ ಕೆಲಸಗಾರನು ತೋರಿಸಿಯೇ ಕೊಡುವನು.

ಪರೀಕ್ಷಿಸುವಾಗ ಮುಚ್ಚಿದ ಶೆಡ್ಡಿನಲ್ಲಿ ಇಂಜಿನು ನಡೆಸಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಆದರೆ ಕೊಲ್ಲುವ ಶಕ್ತಿಯುಂಟು. ಸೆರಗು, ಪಂಚೆಯ ತುದಿ, ಮಕ್ಕಳ ಕೈ ಇವು ಫ್ಯಾನಿನ ಬಳಿಗೆ ಹೋಗದಿರಲಿ. ಅದು ಹೇಳದೆ ಕೇಳದೆ ತಿರುಗತೊಡಗುವುದು.

ದಾರಿಯಲ್ಲಿ, ಇಳಿಜಾರಿನಲ್ಲಿಯೇ ಇಂಜಿನು ಆರಿತೆನ್ನಿರಿ. ಕೀಲಿಯನ್ನು ಹೊರತೆಗೆಯಬೇಡಿರಿ, ಸ್ಟಿಯರಿಂಗು ಬಿಗಿದುಕೊಳ್ಳಬಹುದು. ಬ್ರೇಕನ್ನು ಪದೇ ಪದೇ ತುಳಿಯದೆ ಒಂದೇ ಸಲ ದೃಢವಾಗಿ ಒತ್ತಿ ಹಿಡಿದು, ಸಾಧ್ಯವಾದರೆ ಕೆಳಗಿನ ಗೇರಿಗೆ ಹಾಕಿ, ಅಂಚಿಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆದು, ಚಕ್ರಕ್ಕೆ ಕಲ್ಲು ಕೊಡಿರಿ. ಗಾಡಿ ಮತ್ತೆ ಹೊರಟರೂ ಆ ದಿನದ ಘಾಟಿಯ ಪಯಣವನ್ನು ಅಲ್ಲಿಗೆ ಬಿಟ್ಟು, ಹತ್ತಿರದ ಗ್ಯಾರೇಜಿಗೆ ಒಯ್ಯುವುದೇ ಜಾಣತನ. ನಂಟರ ಮನೆಯ ಊಟವು ನಾಳೆಗೂ ದೊರೆಯುವುದು.